ಈ ವಾರ ನಮ್ಮ ಕ್ಲಾಸಲ್ಲಿ: ಮೊದಲು ರ, ಆಮೇಲೆ ಅ

ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಈ ವಿಡಿಯೋದಲ್ಲಿ ಮಕ್ಕಳ ಮುಖ ಕಾಣುವುದಿಲ್ಲ. ಕೈ, ಸ್ಲೇಟು, ಬಾಗಿಲ ಹತ್ತಿರ ಬಿಟ್ಟ ಪುಟ್ಟ ಪುಟ್ಟ ಚಪ್ಪಲಿ, ಅಷ್ಟೇ. ಹುಣಸೂರು ಕಡೆಯ ಒಂದು ಸರ್ಕಾರಿ ಶಾಲೆ ಇದು. ನಾನು ಇಲ್ಲಿ ನಲಿಕಲಿ ಟೀಚರ್. ನಲಿಕಲಿ ಅಂದರೆ ಮಕ್ಕಳು ಕಾರ್ಡು ಹಿಡಿದು, ತಮ್ಮ ತಮ್ಮ ವೇಗದಲ್ಲಿ, ನಲಿಯುತ್ತಾ ಕಲಿಯುವ ಪದ್ಧತಿ. ಒಂದು, ಎರಡು, ಮೂರು, ಮೂರೂ ತರಗತಿ ಒಂದೇ ಕೋಣೆಯಲ್ಲಿ. ಒಟ್ಟು 23 ಮಕ್ಕಳು. ಈ 23 ನೆನಪಿರಲಿ, ಆಮೇಲೆ ಬೇಕಾಗುತ್ತದೆ.

ಸೋಮವಾರ ಬೆಳಿಗ್ಗೆ. ಸೋನೆ ಮಳೆ. ಮಕ್ಕಳು ದಿನಾ ತುಂಬುವ ಹವಾಮಾನ ನಕ್ಷೆಯ ಚೌಕದಲ್ಲಿ ಮೋಡ ಬರೆಯಬೇಕೋ, ಮಳೆ ಬರೆಯಬೇಕೋ ಎಂದು ಇಬ್ಬರ ನಡುವೆ ಜಗಳ. ಕೊನೆಗೆ ಎರಡನ್ನೂ ಬರೆದರು. ನನಗೂ ಸರಿ ಅನ್ನಿಸಿತು.

ಅಷ್ಟರಲ್ಲಿ ಗೇಟಿನ ಹತ್ತಿರ ಒಬ್ಬರು ಅಜ್ಜಿ. ಒಂದನೇ ತರಗತಿಯ ಮೊಮ್ಮಗಳ ಕೈ ಹಿಡಿದು ನಿಂತಿದ್ದಾರೆ. "ಏನ್ ಮೇಡಮ್ಮೋರೇ, ಇಷ್ಟ್ ದಿನ ಆಯ್ತು, ಇನ್ನೂ ಅ ಆ ಇ ಈ ಬರಲ್ವಲ್ಲ ಇವಳಿಗೆ?"

ಪ್ರತಿ ವರ್ಷ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಅವರ ತಪ್ಪಲ್ಲ. ನಾವೆಲ್ಲ ಕಲಿತದ್ದೇ ಹಾಗೆ, ಅಲ್ವಾ? ಆದರೆ ನಲಿಕಲಿಯಲ್ಲಿ ಮೊದಲ ಅಕ್ಷರಗಳು ರ, ಗ, ಸ, ದ, ಅ. ಈ ಐದು.

ಯಾಕೆ ಅಂತ ಸುಮ್ನೆ ಒಮ್ಮೆ ಯೋಚಿಸಿ ನೋಡಿ. ಅ ಆ ಇ ಈ ಉ ಊ ಪೂರ್ತಿ ಕಲಿತಿರಿ ಅಂದುಕೊಳ್ಳಿ. ಅವನ್ನು ಜೋಡಿಸಿ ಏನು ಓದುತ್ತೀರಿ? ಏನೂ ಇಲ್ಲ. ಈ ಐದರಲ್ಲಾದರೋ ಸರ ಇದೆ, ದರ ಇದೆ, ಅರಸ, ಅಗಸ, ದಸರ ಇದೆ. ಗರಗಸವೂ ಇದೆ! ಐದೇ ಅಕ್ಷರ ಬಂದ ಮಗು ಒಂದು ಪದ ಓದಿಬಿಡುತ್ತದೆ. ಕಳೆದ ವಾರ ಒಬ್ಬ ಹುಡುಗ ಗ-ರ-ಗ-ಸ ಅಂತ ಬಿಡಿಬಿಡಿಯಾಗಿ ಹೇಳಿ, ಒಂದು ಕ್ಷಣ ಸುಮ್ಮನಾಗಿ, "ಮಿಸ್! ಗರಗಸ! ನಮ್ಮಪ್ಪನ ಹತ್ರ ಇದೆ!" ಎಂದು ಎದ್ದು ನಿಂತ. ಆಗ ಕ್ಯಾಮೆರಾ ಆನ್ ಇರಲಿಲ್ಲ. ಇರಬೇಕಿತ್ತು.

ಈ ವಾರ ಎರಡನೇ ಗುಂಪು. ಜ, ವ, ಮ, ಬ, ನ. ಇಲ್ಲಿ ಸ್ವಲ್ಪ ಕಷ್ಟ. ವ ಬರೆದು ಬಾಲ ಎಳೆದರೆ ಮ. ಹಾಗಾಗಿ ಮರ ಓದಬೇಕಾದಲ್ಲಿ ವರ ಓದುತ್ತಾರೆ. ನ ಮತ್ತು ಸ ಅಂತೂ ಅಕ್ಕ ತಂಗಿಯರ ಹಾಗೆ. ಈ ಕೈ ನೋಡಿ, ಮರಳಿನ ಮೇಲೆ ಬೆರಳಲ್ಲಿ ನ ತಿದ್ದುತ್ತಿದೆ. ಐದನೇ ಸಲ. ಆರನೇ ಸಲ ಮತ್ತೆ ಸ ಆಯ್ತು. ಅಳಿಸಿ ಮತ್ತೆ ಶುರು.

ಈ ಪದ್ಧತಿ ಹುಟ್ಟಿದ್ದು ಇಲ್ಲೇ ಪಕ್ಕದ ತಾಲ್ಲೂಕಿನಲ್ಲಿ, ಎಚ್.ಡಿ. ಕೋಟೆಯಲ್ಲಿ, 1995ರಲ್ಲಿ. ಅಲ್ಲಿನ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿಕೊಂಡು ಬಂದು, ಯುನಿಸೆಫ್ ನೆರವಿನಿಂದ ನಮ್ಮ ಮಕ್ಕಳಿಗೆ ಹೊಂದುವ ಕಾರ್ಡುಗಳನ್ನು ಮಾಡಿದರು. ಗೋಡೆ ಮೇಲಿರುವುದು ಕಲಿಕಾ ಏಣಿ, ಯಾವುದಾದ ಮೇಲೆ ಯಾವುದು ಕಲಿಯಬೇಕು ಎಂದು ತೋರಿಸುವ ಪಟ್ಟಿ. ಮಗು ತನ್ನ ಮೆಟ್ಟಿಲು ನೋಡಿ, ತನ್ನ ಕಾರ್ಡು ತೆಗೆದುಕೊಂಡು, ತನ್ನ ತಟ್ಟೆಯ ಗುಂಪಿಗೆ ಹೋಗಿ ಕೂರುತ್ತದೆ. ತಟ್ಟೆ ಅಂದರೆ ಊಟದ ತಟ್ಟೆಯಲ್ಲ, ಟೀಚರ್ ನೆರವು ಎಷ್ಟು ಬೇಕು ಎಂಬುದರ ಮೇಲೆ ಮಾಡಿದ ಗುಂಪು. ಕಾಫಿ ಕೊಯ್ಲಿನ ಕಾಲದಲ್ಲಿ ಅಪ್ಪ ಅಮ್ಮನ ಜೊತೆ ಕೊಡಗಿಗೆ ಹೋದ ಮಗು, ವಾಪಸ್ ಬಂದ ಮೇಲೆ ಬಿಟ್ಟ ಮೆಟ್ಟಿಲಿಂದಲೇ ಹತ್ತಬಹುದು. ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು ಅದೇ. ಇಷ್ಟವಾಗದ್ದೂ ಇದೆ. ಮಳೆಗಾಲದಲ್ಲಿ ಕಾರ್ಡೆಲ್ಲ ಹಪ್ಪಳ ನೆಂದ ಹಾಗಾಗುತ್ತದೆ. ಮತ್ತೆ ಐದು ತಟ್ಟೆಗೆ ನಾನು ಒಬ್ಬಳೇ.

ಈಗ 23ರ ಕಥೆ. ಬುಧವಾರ ಹಾಜರಾತಿ ಬೋರ್ಡು ಬರೆಯುವ ಸರದಿ ಎರಡನೇ ತರಗತಿಯ ಒಬ್ಬನದು. ಎಣಿಸಿದ, ಸರಿಯಾಗಿಯೇ ಎಣಿಸಿದ. ದೊಡ್ಡದಾಗಿ ಬರೆದ: 203. ಬಿಸಿಯೂಟದ ಅಕ್ಕ ಬಂದು ನೋಡಿ, "ಅಯ್ಯೋ, ಅಕ್ಕಿ ಸಾಲಲ್ವಲ್ಲ ಮೇಡಂ!" ಎಂದು ನಕ್ಕರು.

ಅವನು ದಡ್ಡನಲ್ಲ. ಇಪ್ಪತ್ತಮೂರು ಎಂದು ಕೇಳಿಸಿತು. ಇಪ್ಪತ್ತು ಬರೆದ, ಮುಂದೆ ಮೂರು ಬರೆದ. ಕಿವಿಗೆ ಬಿದ್ದ ಹಾಗೇ ಬರೆದಿದ್ದಾನೆ. ತೆಂಗಿನ ಕಡ್ಡಿ ಕೊಟ್ಟೆ. ಹತ್ತರ ಎರಡು ಕಟ್ಟು, ಬಿಡಿ ಮೂರು. ಅಲ್ಲಿ ಸರಿ ಇದೆ. ಬರೆಯುವಾಗ ಮತ್ತೆ 203. ಆಮೇಲೆ ಎರಡು ಚೀಟಿ ಮಾಡಿದೆ. ಒಂದರಲ್ಲಿ 20, ಇನ್ನೊಂದರಲ್ಲಿ 3. ಇಲ್ಲಿ ನೋಡಿ, ಮೂರರ ಚೀಟಿಯನ್ನು ಸೊನ್ನೆಯ ಮೇಲೆ ಇಡುತ್ತಿದ್ದಾನೆ. ಎತ್ತಿ ನೋಡಿದ. ಮತ್ತೆ ಮುಚ್ಚಿದ. "ಸೊನ್ನೆ ಕೆಳಗೆ ಬಚ್ಚಿಟ್ಕೊಂಡಿದೆ ಮಿಸ್." ಸ್ಥಾನಬೆಲೆಯನ್ನು ನಾನು ಇಷ್ಟು ಚೆನ್ನಾಗಿ ಯಾವತ್ತೂ ಹೇಳಿಕೊಟ್ಟಿಲ್ಲ.

ಮೂರನೇ ತರಗತಿಯವರಿಗೆ ಊಟದ ಲೆಕ್ಕವೇ ಪಾಠ. ಮೊಟ್ಟೆ ಯಾರಿಗೆ, ಬಾಳೆಹಣ್ಣು ಯಾರಿಗೆ. ನೆಲದ ಮೇಲೆ ಸೀಮೆಸುಣ್ಣದ ಗೆರೆ ಹಾಕಿ ಎಣಿಸಿದರು. ಮೊಟ್ಟೆ 16, ಬಾಳೆಹಣ್ಣು 7. ಕೂಡಿದರೆ 23. ಬೋರ್ಡು ಬರೆದವನು ಓಡಿಬಂದು ಪರೀಕ್ಷಿಸಿದ.

ಶನಿವಾರ. ಅರ್ಧ ದಿನ. ಅಜ್ಜಿ ಮತ್ತೆ ಗೇಟಿನಲ್ಲಿ. ರಸ್ತೆಯಲ್ಲಿ ಒಂದು ಟ್ರ್ಯಾಕ್ಟರ್ ನಿಂತಿದೆ. ಟ್ರೈಲರ್ ಹಿಂದೆ ಹಳದಿ ಬಣ್ಣದಲ್ಲಿ "ಬಸವೇಶ್ವರ ಪ್ರಸನ್ನ". ಮೊಮ್ಮಗಳು ನಿಂತುಬಿಟ್ಟಳು. ಬೆರಳಿಟ್ಟು ಶುರು ಮಾಡಿದಳು.

"ಬ. ಸ. ಇದು ಮಿಸ್ ಹೇಳ್ಕೊಟ್ಟಿಲ್ಲ. ಇದೂ ಹೇಳ್ಕೊಟ್ಟಿಲ್ಲ. ರ! ಇದು ಗೊತ್ತಿಲ್ಲ. ಸ. ಆಮೇಲೆ ನ, ಅದರ ಕೆಳಗೆ ಏನೋ ನೇತಾಡ್ತಿದೆ."

ಅಜ್ಜಿ ಟ್ರೈಲರ್ ನೋಡಿದರು, ಮೊಮ್ಮಗಳನ್ನು ನೋಡಿದರು. ಸೆರಗಲ್ಲಿ ಅವಳ ಮೂಗು ಒರೆಸಿದರು. ನನ್ನ ಕಡೆ ತಿರುಗಿ, "ಅದೆಲ್ಲ ಸರಿ ಮೇಡಮ್ಮೋರೇ. ಅ ಆ ಇ ಈ ಯಾವಾಗ?"