ಬಿ.ಎಸ್ಸಿ. ಜೀವವಿಜ್ಞಾನ: ಕೈಗೆ ಬರಬೇಕಾದ ವಿದ್ಯೆ

ಕೇಳುಗರಿಗೆ ನಮಸ್ಕಾರ.

ಪಿಯುಸಿ ಫಲಿತಾಂಶ ಬಂತು, ನೀಟ್ ಅಂಕವೂ ಗೊತ್ತಾಯಿತು. ಆಮೇಲೆ ಹಾಸನ, ಸಕಲೇಶಪುರ, ಬೇಲೂರು, ಮೂಡಿಗೆರೆಯ ಎಷ್ಟೋ ಮನೆಗಳಲ್ಲಿ ಕೇಳಿಬರುವ ಮಾತು ಒಂದೇ: “ಮೆಡಿಕಲ್ ಸೀಟು ಸಿಗಲಿಲ್ಲ, ಸುಮ್ಮನೆ ಬಿ.ಎಸ್ಸಿ.ಗೆ ಹಾಕೋಣ.” ಆ “ಸುಮ್ಮನೆ” ಎಂಬ ಮಾತೇ ಮೂರು ವರ್ಷಗಳನ್ನು ಹಾಳು ಮಾಡುತ್ತದೆ. ಜೀವವಿಜ್ಞಾನ ಉರುಹೊಡೆಯುವ ವಿಷಯ ಎಂದುಕೊಂಡು ಸೇರಿದವರು ಪದವಿ ಮುಗಿದ ಮೇಲೆ ದಾರಿ ಕಾಣದೆ ನಿಲ್ಲುತ್ತಾರೆ. ನಿಜಕ್ಕೂ ಜೀವವಿಜ್ಞಾನ ಕೈ, ಕಣ್ಣು ಮತ್ತು ಲೆಕ್ಕದ ವಿದ್ಯೆ.

ಸೇರುವ ಮೊದಲು ಒಂದು ತಿಳಿವಳಿಕೆ ಇರಲಿ. ಹಾಸನದ ಕಾರೇಕೆರೆಯಲ್ಲಿ ಕೃಷಿ ಕಾಲೇಜಿದೆ, ಊರಿನಲ್ಲಿ ಪಶುವೈದ್ಯಕೀಯ ಕಾಲೇಜೂ ಇದೆ. ಆದರೆ ಅವು ಪಿಯುಸಿ ನಂತರ ನೇರವಾಗಿ ಸೇರುವ ಬೇರೆ ಪದವಿಗಳು. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿ ಮುಗಿಸಿ ಆಮೇಲೆ ಪಶುವೈದ್ಯರಾಗಬಹುದು ಎಂಬ ಲೆಕ್ಕ ತಪ್ಪು. ಇನ್ನೊಂದು, ವಿಷಯ ಆರಿಸುವಾಗ ರಸಾಯನಶಾಸ್ತ್ರವನ್ನು ಬಿಡಬೇಡಿ. ಕಷ್ಟ ಎಂದು ಬಿಟ್ಟವರಿಗೆ ಮುಂದೆ ಜೀವರಸಾಯನಶಾಸ್ತ್ರ ಅರ್ಥವಾಗುವುದಿಲ್ಲ. ಪ್ರೌಢಶಾಲಾ ಶಿಕ್ಷಕರ ನೇಮಕಾತಿಯಲ್ಲೂ ಪದವಿಯಲ್ಲಿ ಓದಿದ ವಿಷಯಗಳನ್ನೇ ನೋಡುತ್ತಾರೆ. ನಮ್ಮ ಕಡೆ ಸಿಬಿಝಡ್ ಎನ್ನುವ, ಅಂದರೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದ ಹಳೆಯ ಜೋಡಣೆಗೆ ಈಗಲೂ ಬೆಲೆಯಿದೆ.

ಇನ್ನು ಪ್ರಯೋಗಾಲಯದ ಮಾತು. ಈರುಳ್ಳಿ ಬೇರಿನ ತುದಿಯಲ್ಲಿ ಕೋಶ ವಿಭಜನೆ ನೋಡುವುದು ಎಲ್ಲ ಕಾಲೇಜಿನಲ್ಲೂ ಇರುವ ಪ್ರಯೋಗ. ಈರುಳ್ಳಿಯ ತಳದ ಒಣ ಬೇರುಗಳನ್ನು ಕೆರೆದು ತೆಗೆದು, ತಳ ಮಾತ್ರ ನೀರಿಗೆ ತಾಗುವಂತೆ ಬಾಟಲಿಯ ಬಾಯಿಯ ಮೇಲೆ ಕೂರಿಸಿ. ಮೂರ್ನಾಲ್ಕು ದಿನದಲ್ಲಿ 2ರಿಂದ 3 ಸೆಂಟಿಮೀಟರ್ ಬೇರು ಬರುತ್ತದೆ. ಬೆಳಗಿನ ಹೊತ್ತು ತುದಿಗಳನ್ನು ಕತ್ತರಿಸಿ, ಮೂರು ಪಾಲು ಆಲ್ಕೋಹಾಲ್, ಒಂದು ಪಾಲು ಅಸಿಟಿಕ್ ಆಮ್ಲ ಬೆರೆಸಿದ ದ್ರಾವಣದಲ್ಲಿ 24 ಗಂಟೆ ಇಡಬೇಕು. ಆಮೇಲೆ 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕೆಲವೇ ನಿಮಿಷ ಇಟ್ಟು, ನೀರಿನಲ್ಲಿ ತೊಳೆದು, ಅಸಿಟೋಕಾರ್ಮಿನ್ ಬಣ್ಣ ಹಾಕಬೇಕು. ತುದಿಯ 1ರಿಂದ 2 ಮಿಲಿಮೀಟರ್ ಮಾತ್ರ ಸ್ಲೈಡಿನ ಮೇಲೆ ಉಳಿಸಿಕೊಂಡು, ಕವರ್‌ಸ್ಲಿಪ್ ಮುಚ್ಚಿ, ಪೆನ್ಸಿಲ್ ಹಿಂಬದಿಯಿಂದ ಮೆಲ್ಲಗೆ ತಟ್ಟಿ, ಒತ್ತುಕಾಗದದ ಮೇಲೆ ಹೆಬ್ಬೆರಳಿನಿಂದ ನೇರವಾಗಿ ಅಮುಕಬೇಕು.

ಎಡವುವುದು ಎಲ್ಲಿ? ಉದ್ದ ಬೇರನ್ನೇ ಇಟ್ಟರೆ ಕಾಣುವುದು ಬೆಳೆದು ನೀಳವಾದ ಕೋಶಗಳು. ವಿಭಜನೆ ನಡೆಯುವುದು ತುದಿಯಲ್ಲಿ ಮಾತ್ರ. ಆಮ್ಲದ ಹಂತ ಬಿಟ್ಟರೆ ಕೋಶಗಳನ್ನು ಅಂಟಿಸಿರುವ ಪೆಕ್ಟಿನ್ ಕರಗದೆ ಒಂದರ ಮೇಲೊಂದು ಕೂತಿರುತ್ತವೆ. ಹೆಚ್ಚು ಹೊತ್ತು ಇಟ್ಟರೆ ತುದಿ ಮುದ್ದೆಯಾಗುತ್ತದೆ. ಅಮುಕುವಾಗ ಕವರ್‌ಸ್ಲಿಪ್ ಜಾರಿದರೆ ಕೋಶಗಳು ಹೊರಳಿ ಕೆಡುತ್ತವೆ. ಸ್ಲೈಡು ಬರಲಿಲ್ಲವೆಂದು ಪುಸ್ತಕದ ಚಿತ್ರವನ್ನೇ ರೆಕಾರ್ಡಿಗೆ ಇಳಿಸಬೇಡಿ. ಯಾವ ಹಂತ ತಪ್ಪಿತೆಂದು ಬರೆದಿಟ್ಟ ಪುಟದಿಂದ ಕಲಿಯುವುದು ಹೆಚ್ಚು.

ಸ್ಲೈಡು ಬಂದ ಮೇಲೆ ಎಣಿಸಿ. 500 ಕೋಶಗಳಲ್ಲಿ 40 ವಿಭಜನೆಯಲ್ಲಿದ್ದರೆ ಶೇಕಡಾ 8. ಒಂದೇ ಬೇರನ್ನು ನಂಬದೆ ನಾಲ್ಕೈದು ಬೇರು ಎಣಿಸಿದಾಗ ಸರಾಸರಿ ಏನು, ವ್ಯತ್ಯಾಸ ಎಷ್ಟು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಸಂಖ್ಯಾಶಾಸ್ತ್ರವನ್ನು ಶುರುಮಾಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಗಿಡ ಸಂಗ್ರಹದ ಕೆಲಸದಲ್ಲಿ ಮಲೆನಾಡಿನ ಮಳೆಯೇ ದೊಡ್ಡ ಅಡ್ಡಿ. ಪೇಪರಿನ ನಡುವೆ ಒತ್ತಿಟ್ಟ ಗಿಡಕ್ಕೆ ಮೊದಲ ವಾರ ದಿನವೂ ಒಣ ಪೇಪರ್ ಬದಲಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಹೂವಿನ ಬಣ್ಣ, ಜಾಗ, ದಿನಾಂಕಗಳನ್ನು ಕಿತ್ತ ಕ್ಷಣವೇ ಬರೆಯಿರಿ. ಒಣಗಿದ ಮೇಲೆ ಬಣ್ಣ ಉಳಿಯುವುದಿಲ್ಲ.

ಈ ಕಣ್ಣು ಪಳಗಿದವರಿಗೆ ಮನೆಯ ಪಕ್ಕದ ತೋಟವೇ ಪಾಠ. ಅರೇಬಿಕಾ ಕಾಫಿಯ ಬಿಳಿ ಕಾಂಡಕೊರಕ ಎಂಬ ಕೀಟವನ್ನೇ ನೋಡಿ. ಹೆಣ್ಣು ಜೀರುಂಡೆ ಮೊಟ್ಟೆ ಇಡುವುದು ತೊಗಟೆಯ ಬಿರುಕಿನಲ್ಲಿ, ಅದೂ ಬಿಸಿಲು ಬೀಳುವ ಕಾಂಡದಲ್ಲಿ ಹೆಚ್ಚು. ಹುಳು ಒಳಗೆ ಕೊರೆದು ಹೋದ ಮೇಲೆ ಔಷಧಿ ಮುಟ್ಟುವುದಿಲ್ಲ. ಆದ್ದರಿಂದಲೇ ಸಡಿಲ ತೊಗಟೆ ಉಜ್ಜಿ ತೆಗೆಯುವುದು, ಕಾಂಡಕ್ಕೆ ಶೇಕಡಾ 10ರ ಸುಣ್ಣದ ನೀರು ಬಳಿಯುವುದು, ನೆರಳು ಕಾಯ್ದುಕೊಳ್ಳುವುದು, ವಾಸನೆಯಿಂದ ಜೀರುಂಡೆಯನ್ನು ಸೆಳೆಯುವ ಮೋಹಕ ಬಲೆ ಕಟ್ಟುವುದು. ಜೀರುಂಡೆ ಹಾರುವ ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್‌ಗೆ ಮುಂಚೆ ಇದಾಗಬೇಕು. ಹುಳುವಿನ ಜೀವನಚಕ್ರ ತಿಳಿದವರಿಗೆ ಈ ಪ್ರತಿಯೊಂದು ಕೆಲಸದ ಕಾರಣವೂ ಗೊತ್ತು. ಇಂಥದ್ದನ್ನೇ ಅಧ್ಯಯನ ಮಾಡುವ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ 1925ರಲ್ಲಿ ಆರಂಭವಾಗಿ ಬಾಳೆಹೊನ್ನೂರಿನಲ್ಲಿ ನಡೆಯುತ್ತಿದೆ.

ದಾರಿಗಳ ವಿಚಾರಕ್ಕೆ ಬರೋಣ. ಶಿಕ್ಷಕರಾಗಲು ಎರಡು ವರ್ಷದ ಬಿ.ಎಡ್. ಬೇಕು. ಸೂಕ್ಷ್ಮಜೀವಿಶಾಸ್ತ್ರ ಓದಿದವರಿಗೆ ಹಾಲು, ಆಹಾರ, ಔಷಧಿ ಘಟಕಗಳ ಗುಣಮಟ್ಟ ವಿಭಾಗಗಳಿವೆ. ಅಲ್ಲಿನ ಒಂದು ಸರಳ ಪರೀಕ್ಷೆ: 10 ಮಿಲಿಲೀಟರ್ ಹಾಲಿಗೆ 1 ಮಿಲಿಲೀಟರ್ ಮೆಥಿಲೀನ್ ಬ್ಲೂ ಸೇರಿಸಿ 37 ಡಿಗ್ರಿಯಲ್ಲಿ ಇಡುವುದು. ನೀಲಿ ಅರ್ಧ ಗಂಟೆಯಲ್ಲೇ ಹೋದರೆ ಹಾಲಿನಲ್ಲಿ ಬ್ಯಾಕ್ಟೀರಿಯಾ ವಿಪರೀತ. ಐದು ಗಂಟೆ ನಿಂತರೆ ಹಾಲು ಚೆನ್ನಾಗಿದೆ. ಕೊಳವೆ ಶುಚಿಯಾಗಿರದಿದ್ದರೆ ಒಳ್ಳೆಯ ಹಾಲೂ ಕೆಟ್ಟದ್ದೆಂದು ತೋರುತ್ತದೆ. ಕೆಲಸ ಕೊಡುವವರು ನೋಡುವುದು ಇಂಥ ಎಚ್ಚರವನ್ನು.

ಕಾಡಿನ ಒಲವಿದ್ದವರಿಗೆ ಭದ್ರಾ ಹುಲಿ ಸಂರಕ್ಷಿತ ಪ್ರದೇಶ ಚಿಕ್ಕಮಗಳೂರಿಗೆ ಹತ್ತಿರದಲ್ಲೇ ಇದೆ. ವನ್ಯಜೀವಿ ವಿಜ್ಞಾನದಲ್ಲಿ ಎಂ.ಎಸ್ಸಿ.ಗೆ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ (ಎನ್‌ಸಿಬಿಎಸ್) ಇವೆ. ಸೀಟು ಕಡಿಮೆ, ಪ್ರವೇಶವೂ ಪ್ರತಿ ವರ್ಷ ಇರದೆ ಹೋಗಬಹುದು. ಪ್ರಕಟಣೆಯನ್ನು ಹಿಂದಿನ ವರ್ಷದಿಂದಲೇ ಗಮನಿಸುತ್ತಿರಬೇಕು.

ಸಂಶೋಧನೆಯ ಕಡೆ ಹೋಗುವವರಿಗೆ, ಐಐಟಿಗಳಲ್ಲಿ ಎಂ.ಎಸ್ಸಿ. ಸೇರಲು ಬರೆಯುವ ಜಾಮ್ ಪ್ರವೇಶ ಪರೀಕ್ಷೆ ಮುಖ್ಯ. ಭಾರತೀಯ ವಿಜ್ಞಾನ ಸಂಸ್ಥೆಯ, ಬಿ.ಎಸ್ಸಿ. ನಂತರ ನೇರವಾಗಿ ಸೇರುವ ಸಮಗ್ರ ಪಿಎಚ್.ಡಿ.ಗೂ ಅದೇ ಬಾಗಿಲು. ಮೂರು ಗಂಟೆ, 60 ಪ್ರಶ್ನೆ, 100 ಅಂಕ. ಇದರ ಬಯೋಟೆಕ್ನಾಲಜಿ ಪತ್ರಿಕೆಯಲ್ಲಿ ಪಿಯುಸಿ ಮಟ್ಟದ ಗಣಿತ, ಭೌತಶಾಸ್ತ್ರದ ಪ್ರಶ್ನೆಗಳೂ ಬರುತ್ತವೆ. ಪಿಯುಸಿಯಲ್ಲಿ ಗಣಿತ ಓದದವರು ಮೊದಲ ವರ್ಷದಲ್ಲೇ ಹಳೆಯ ಪುಸ್ತಕ ತಂದು ಶುರುಮಾಡಲಿ. ಪರೀಕ್ಷೆ ಫೆಬ್ರುವರಿಯಲ್ಲಿ, ಅರ್ಜಿ ಹಿಂದಿನ ಸೆಪ್ಟೆಂಬರ್ ಹೊತ್ತಿಗೇ ತೆರೆಯುತ್ತದೆ. ಅಂದರೆ ಐದನೇ ಸೆಮಿಸ್ಟರಿನಲ್ಲೇ ಅರ್ಜಿ ಹಾಕಬೇಕು. ಪದವಿ ಮುಗಿಯಲಿ ಎಂದು ಕಾದರೆ ಒಂದು ವರ್ಷ ತಪ್ಪಿಹೋಗುತ್ತದೆ.

ನಮಸ್ಕಾರ.