ಕತ್ತಿ ನೋಡಬೇಡಿ, ಕೈ ನೋಡಿ

ಕೇಳುಗರಿಗೆ ನಮಸ್ಕಾರ.

ರಾಕ್ಷಸನನ್ನು ಕೊಂದ ವೀರ ಅಂದ ಕೂಡಲೇ ನಮಗೆ ಕತ್ತಿಯೇ ಕಾಣುತ್ತದೆ, ಅಲ್ವಾ? ದಯವಿಟ್ಟು ಅದನ್ನು ಹತ್ತು ನಿಮಿಷ ಮರೆತುಬಿಡಿ. ನಾನು ಹೇಳಹೊರಟಿರುವುದು ಬೇವುಲ್ಫ್ ಎಂಬ ಹಳೆಯ ಇಂಗ್ಲಿಷ್ ಕಾವ್ಯದ ಕಥೆ. 3,182 ಸಾಲು. ಕವಿ ಯಾರೋ ಗೊತ್ತಿಲ್ಲ. ಉಳಿದಿರುವುದು ಒಂದೇ ಹಸ್ತಪ್ರತಿ, ಅದೂ 1731ರ ಬೆಂಕಿಯಲ್ಲಿ ಅಂಚು ಸುಟ್ಟುಕೊಂಡು.

ಡೇನರ, ಅಂದರೆ ಡೆನ್ಮಾರ್ಕಿನ ಜನರ, ದೊರೆ ಹ್ರೋಥ್‌ಗಾರ್ ಒಂದು ಭಾರಿ ಸಭಾಭವನ ಕಟ್ಟಿಸುತ್ತಾನೆ. ದಿನವೂ ಹಾಡು, ಊಟ, ಕುಡಿತ. ಈ ಗದ್ದಲ ಕೇಳಿ ಜೌಗುನೆಲದ ರಾಕ್ಷಸ ಗ್ರೆಂಡೆಲ್‌ಗೆ ಹೊಟ್ಟೆ ಉರಿಯುತ್ತದೆ. ರಾತ್ರಿ ಬರುತ್ತಾನೆ, ಮಲಗಿದವರನ್ನು ತಿನ್ನುತ್ತಾನೆ. 12 ವರ್ಷ ಇದೇ ಪಾಡು. ಆಗ ಗೇಟ್ ಎಂಬ ಜನರ ನಾಡಿನಿಂದ, ಅಂದರೆ ಇಂದಿನ ದಕ್ಷಿಣ ಸ್ವೀಡನ್‌ನಿಂದ, ಬೇವುಲ್ಫ್ ಹಡಗು ಹತ್ತಿ ಬರುತ್ತಾನೆ. ಅವನ ಹಿಡಿತದಲ್ಲಿ 30 ಆಳುಗಳ ಬಲವಂತೆ.

ಈಗ ಗಮನಿಸಿ. ರಾತ್ರಿ ಮಲಗುವ ಮುಂಚೆ ಅವನು ಕವಚ ಬಿಚ್ಚುತ್ತಾನೆ. ಕತ್ತಿಯನ್ನು ಆಳಿನ ಕೈಗೆ ಕೊಡುತ್ತಾನೆ. ಯಾಕೆ? ಗ್ರೆಂಡೆಲ್‌ಗೆ ಆಯುಧವಿದ್ಯೆ ಗೊತ್ತಿಲ್ಲ, ನನಗೂ ಬೇಡ ಅನ್ನುತ್ತಾನೆ! ಕತ್ತಲಲ್ಲಿ ಬಾಗಿಲು ಒಡೆಯುತ್ತದೆ. ಗ್ರೆಂಡೆಲ್ ಒಬ್ಬನನ್ನು ಕೈಕಾಲು ಸಮೇತ ನುಂಗುತ್ತಾನೆ. ಬೇವುಲ್ಫ್ ಸುಮ್ನೆ ನೋಡುತ್ತಿರುತ್ತಾನೆ. ನನಗೆ ಇಲ್ಲಿ ಪ್ರತಿ ಸಲವೂ ಸಿಟ್ಟು ಬರುತ್ತದೆ, ಇರಲಿ. ಮುಂದೆ ಚಾಚಿದ ಕೈಯನ್ನು ಬೇವುಲ್ಫ್ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾನೆ. ರಾಕ್ಷಸನಿಗೆ ಓಡಿಹೋದರೆ ಸಾಕು ಅನಿಸುತ್ತದೆ. ಬೆಂಚುಗಳು ಕಿತ್ತು ಹಾರುತ್ತವೆ. ಜೊತೆಗಾರರು ಕತ್ತಿ ಹಿರಿದು ಬಡಿಯುತ್ತಾರೆ, ಒಂದೂ ನಾಟುವುದಿಲ್ಲ. ಗ್ರೆಂಡೆಲ್ ಆಯುಧಗಳಿಗೆಲ್ಲ ಮಂತ್ರ ಹಾಕಿದ್ದಾನೆ. ಕತ್ತಿ ನಂಬಿದವರು ಅಲ್ಲಿ ದಂಡ! ಕೊನೆಗೆ ಭುಜದ ನರಗಳು ಹರಿದು ಇಡೀ ತೋಳು ಬೇವುಲ್ಫ್‌ನ ಕೈಗೆ ಬರುತ್ತದೆ. ಗ್ರೆಂಡೆಲ್ ಸಾಯಲು ತನ್ನ ಕೆರೆಗೆ ಓಡುತ್ತಾನೆ. ಆ ತೋಳನ್ನು ಸೂರಿನ ಕೆಳಗೆ ಏರಿಸಿಡುತ್ತಾರೆ. ಬೆಳಗ್ಗೆ ದೂರದೂರದಿಂದ ಜನ ನೋಡಲು ಬರುತ್ತಾರೆ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಮಗನ ಸೇಡಿಗೆ ಗ್ರೆಂಡೆಲ್‌ನ ತಾಯಿ ಬರುತ್ತಾಳೆ. ಅವಳನ್ನು ಹುಡುಕಿ ಬೇವುಲ್ಫ್ ಆ ಕೆರೆಗೇ ಇಳಿಯುತ್ತಾನೆ. ನೀರಿನ ಅಡಿಯ ಆ ಕಾಳಗದಲ್ಲಿ ಬೇವುಲ್ಫ್ ಕೈಯಲ್ಲಿ ಹ್ರಂಟಿಂಗ್ ಎಂಬ ಹೆಸರಾಂತ ಕತ್ತಿ, ಎರವಲು ತಂದದ್ದು. ಅದೂ ನಾಟುವುದಿಲ್ಲ. ಬಿಸಾಕುತ್ತಾನೆ. ಅಲ್ಲೇ ಇದ್ದ ದೈತ್ಯರ ಕಾಲದ ಕತ್ತಿಯಿಂದ ಅವಳನ್ನು ಕೊಲ್ಲುತ್ತಾನೆ. ಆಮೇಲೆ ಅದರ ಅಲಗೂ ಕರಗಿ ಹಿಡಿ ಮಾತ್ರ ಉಳಿಯುತ್ತದೆ.

ಮತ್ತೆ ತನ್ನ ನಾಡಿಗೆ ದೊರೆಯಾಗಿ ಬೇವುಲ್ಫ್‌ನ 50 ವರ್ಷದ ರಾಜ್ಯಭಾರ. ಬೆಂಕಿಯುಗುಳುವ ಡ್ರ್ಯಾಗನ್. ಮುದುಕ ದೊರೆ ಈ ಸಲ ಕತ್ತಿ ಹಿಡಿಯುತ್ತಾನೆ, ಬೇರೆ ದಾರಿ ತೋಚಿದ್ದರೆ ಹಿಡಿಯುತ್ತಿರಲಿಲ್ಲ ಅಂತ ತಾನೇ ಹೇಳಿಕೊಂಡು. ನೇಗ್ಲಿಂಗ್ ಅದರ ಹೆಸರು. ಮುರಿದೇ ಹೋಗುತ್ತದೆ. ಅವನ ತೋಳಿನ ಏಟನ್ನು ಯಾವ ಕತ್ತಿಯೂ ತಾಳುತ್ತಿರಲಿಲ್ಲ ಅನ್ನುತ್ತಾನೆ ಕವಿ. ಕೇಳಿದಿರಾ? ಮತ್ತೆ ಕೈಯದೇ ಮಾತು!

ಜೊತೆಗೆ ಬಂದ ಯೋಧರು ಕಾಡಿಗೆ ಓಡಿರುತ್ತಾರೆ. ನಿಂತವನು ವಿಗ್ಲಾಫ್ ಒಬ್ಬನೇ, ಹುಡುಗ, ಅವನಿಗೆ ಇದೇ ಮೊದಲ ಕಾಳಗ. ಕೈ ಸುಟ್ಟರೂ ಡ್ರ್ಯಾಗನ್‌ನ ಹೊಟ್ಟೆಗೆ ಇರಿಯುತ್ತಾನೆ. ದೊರೆ ಸೊಂಟದ ಚಾಕುವಿನಿಂದ ಅದನ್ನು ಮುಗಿಸಿ, ವಿಷವೇರಿ ಸಾಯುತ್ತಾನೆ. ಓಡಿದವರು ತಲೆ ತಗ್ಗಿಸಿ ವಾಪಸ್ ಬಂದಾಗ ವಿಗ್ಲಾಫ್ ಅವರನ್ನು ಚೆನ್ನಾಗಿ ಬೈಯುತ್ತಾನೆ. ಆ ಬೈಗುಳವನ್ನು ಓದಲೇಬೇಕು ನೀವು. ನಮಸ್ಕಾರ.