ಲಿಮಾದಲ್ಲಿ ಸೆವಿಚೆ ಊಟ, ಸಂಜೆಗೆ ಮುನ್ನ

ಇದು ಪೆರುವಿನ ರಾಜಧಾನಿ ಲಿಮಾ. ನೀವು ನೋಡುತ್ತಿರುವುದು ಸುರ್ಕಿಯೊ ಮಾರುಕಟ್ಟೆ ಬದಿಯ ಪುಟ್ಟ ಸೆವಿಚೆರಿಯಾ, ಅಂದರೆ ನಿಂಬೆಹುಳಿಯಲ್ಲಿ ನೆನೆಸಿದ ಹಸಿ ಮೀನಿನ ತಿನಿಸಾದ ಸೆವಿಚೆ ಬಡಿಸುವ ಹೋಟೆಲು. ಪ್ಲಾಸ್ಟಿಕ್ ಕುರ್ಚಿ, ಗೋಡೆಗೊಂದು ಟೀವಿ. ರಾತ್ರಿ ಊಟಕ್ಕೆ ಬಂದರೆ ಮುಚ್ಚಿದ ಬಾಗಿಲು ನೋಡಿಕೊಂಡು ಹೋಗಬೇಕು. ಬೆಳಿಗ್ಗೆ ಬಂದ ಮೀನು ಮಧ್ಯಾಹ್ನದೊಳಗೆ ಖರ್ಚಾಗಬೇಕೆಂಬುದು ಇಲ್ಲಿನ ಹಳೆಯ ಕಟ್ಟಳೆ. ಫ್ರಿಜ್ ಬಂದ ಮೇಲೂ ಅನೇಕರು ಅದನ್ನು ಬಿಟ್ಟಿಲ್ಲ.

ಈಗ ಕಟ್ಟೆಯ ಆಚೆ ನಿಂತವರ ಕೈಯನ್ನೇ ನೋಡಿ. ಮೀನಿನ ತುಂಡುಗಳಿಗೆ ಉಪ್ಪು, ಸಣ್ಣಗೆ ಹೆಚ್ಚಿದ ಅಹಿ ಲಿಮೊ ಮೆಣಸಿನಕಾಯಿ, ಕೊತ್ತಂಬರಿ. ಆಮೇಲೆ ನಿಂಬೆಹಣ್ಣು. ಗಾತ್ರದಲ್ಲಿ ನಮ್ಮೂರಿನದೇ, ಬಣ್ಣ ಹಸಿರು. ಪ್ರತಿ ಹೋಳನ್ನೂ ಅರೆಬರೆ ಹಿಂಡಿ ಎಸೆಯುತ್ತಾರೆ. ಇದು ದುಂದಲ್ಲ, ಪೂರ್ತಿ ಹಿಂಡಿದರೆ ಸಿಪ್ಪೆಯ ಕಹಿ ಇಳಿಯುತ್ತದೆ. ಒಲೆ ಕಾಣದ ಮೀನು ಹುಳಿಯಲ್ಲೇ ಅಂಚಿನಿಂದ ಬೆಳ್ಳಗಾಗುತ್ತಾ ಬರುತ್ತದೆ. ಆದರೆ ಹುಳಿ ಮಾಂಸವನ್ನು ಬಿಗಿಮಾಡುತ್ತದೆಯೇ ಹೊರತು ಬೆಂಕಿಯಂತೆ ಕ್ರಿಮಿಗಳನ್ನು ಕೊಲ್ಲುವುದಿಲ್ಲ. ಮೀನು ತಾಜಾ ಇರಲೇಬೇಕೆಂಬ ಹಟ ಅದಕ್ಕೇ. ಹಿಂದೆ ಗಂಟೆಗಟ್ಟಲೆ ನೆನೆಸುತ್ತಿದ್ದರಂತೆ. 1899ರಿಂದ ಇಲ್ಲಿಗೆ ಬಂದು ನೆಲೆಸಿದ ಜಪಾನಿಯರ ಕೈಗುಣದಿಂದ ಅದು ಕೆಲವೇ ನಿಮಿಷಗಳಿಗೆ ಇಳಿಯಿತು.

ಕಾರವಾರದ ಕಡೆಯವನಾದ ನನಗೆ ಮೀನೆಂದರೆ ಮಸಾಲೆ ಮತ್ತು ಕಾದ ಎಣ್ಣೆ. ಆದರೂ ಮೊದಲ ತುತ್ತಿಗೇ ಸೋತೆ. ಹುಳಿ ಮೊದಲು, ಖಾರ ಹಿಂದಿನಿಂದ, ನಡುವೆ ಮೆತ್ತಗಿನ ಗೆಣಸಿನ ಸಿಹಿ. ತಟ್ಟೆಯ ಬದಿಗೆ ದಪ್ಪ ಕಾಳಿನ ಮುಸುಕಿನ ಜೋಳ, ಮೇಲೆ ಎಳೆಎಳೆ ಈರುಳ್ಳಿ. ಕೇಳದೆಯೇ ಬಂದ ಹುರಿದ ಜೋಳ, ಕಾಂಚಾ, ಅರಳದೆ ಹಟಹಿಡಿದ ಪಾಪ್‌ಕಾರ್ನ್‌ನಂತಿದೆ. ತಟ್ಟೆಯಲ್ಲಿ ಉಳಿದ ರಸವನ್ನು ಚಮಚದಲ್ಲಿ ಕುಡಿಯುವುದೇ ಇಲ್ಲಿನ ಕ್ರಮ, ನಾನೂ ಬಿಡಲಿಲ್ಲ.

ಜೊತೆಗಿದ್ದ ಗೆಳೆಯ ತರಿಸಿದ್ದು ಲೊಮೊ ಸಾಲ್ಟಾಡೊ: ಸೋಯಾ ಸಾಸ್ ಹಾಕಿ ಜೋರು ಉರಿಯಲ್ಲಿ ಹುರಿದ ದನದ ಮಾಂಸ. 1849ರಿಂದ ಕೂಲಿಗೆ ಬಂದ ಚೀನಿಯರ ಬಾಣಲೆಯ ಋಣ ಅದರಲ್ಲಿದೆ. ಅದಕ್ಕೆ ಅನ್ನವೂ ಉಂಟು, ಕರಿದ ಆಲೂಗಡ್ಡೆಯೂ ಉಂಟು. ಅನ್ನಕ್ಕೆ ಆಲೂಗಡ್ಡೆಯೇ ಎಂದು ನಾವು ನಗುವಂತಿಲ್ಲ. ಆಲೂಗಡ್ಡೆಯ ತವರು ಇದೇ ಆಂಡಿಸ್ ಸೀಮೆ. ಮಸಾಲೆ ದೋಸೆಯ ಹೊಟ್ಟೆ ತುಂಬಿಸಿದ್ದು ಇವರ ಗಡ್ಡೆ.

ಕುಡಿಯಲು ಹಳದಿ ಇಂಕಾ ಕೋಲಾ ತರಿಸಿದೆವು. 1935ರಿಂದ ಇವರ ಹೆಮ್ಮೆ ಅದು, ನನಗೆ ಬರೀ ಸಕ್ಕರೆ. ನೇರಳೆ ಜೋಳವನ್ನು ಅನಾನಸ್ ಸಿಪ್ಪೆ, ಚಕ್ಕೆ, ಲವಂಗದೊಂದಿಗೆ ಕುದಿಸಿದ ಚಿಚಾ ಮೊರಾಡಾಕ್ಕೇ ನನ್ನ ಮತ.

ಮೀನು, ಮಾಂಸ ತಿನ್ನದವರು ಪಾಪಾ ಅ ಲಾ ಉವಾಂಕಾಯಿನಾ ಕೇಳಿ: ಬೆಂದ ಆಲೂಗಡ್ಡೆಯ ಮೇಲೆ ಚೀಸ್ ಮತ್ತು ಹಳದಿ ಮೆಣಸಿನಕಾಯಿಯ ಗಟ್ಟಿ ಸಾಸ್. ಮೇಲೆ ಮೊಟ್ಟೆ ಇಟ್ಟಿರುತ್ತಾರೆ, ಬೇಡವೆಂದು ಮೊದಲೇ ಹೇಳಿಬಿಡಿ.